ಪ್ರತಿಕ್ರಿಯೆ: ಗಂಡು ಸಿಂಹವು ಮರಿಗಳನ್ನು ಕೊಲ್ಲುವುದೇಕೆ?

ಆಫ್ರಿಕಾದ ಸೆರೆಂಗೆಟಿಯಲ್ಲಿ ಗುಂಪಿಗೆ ಹೊಸದಾಗಿ ಬಂದ ಗಂಡು ಸಿಂಹವು ಅಲ್ಲಿದ್ದ ಮರಿಗಳನ್ನು ಕೊಂದದ್ದು ಟಿವಿಯಲ್ಲಿ ನೋಡಿ, ಅದಕ್ಕೇನು ಹುಚ್ಚು ಹಿಡಿದಿತ್ತೇ ಎಂದು ಕೇಳಿದ್ದೀರಿ. ನೋಡಿದರೆ ಕರುಳು ಕಿವುಚುತ್ತದೆ, ನಿಜ. ಆದರೆ ಅದು ಹುಚ್ಚಲ್ಲ. ತನ್ನದೇ ಮರಿಗಳನ್ನು ಪಡೆಯಲು ಅದಕ್ಕೆ ಕಾಲಾವಕಾಶ ಕಡಿಮೆ: ಒಂದು ಗುಂಪಿನ ಮೇಲೆ ಗಂಡಿನ ಹಿಡಿತ ಸಾಮಾನ್ಯವಾಗಿ 2–3 ವರ್ಷ ಅಷ್ಟೇ. ಮರಿ ಸಾಕುತ್ತಿರುವ ತಾಯಿ ಒಂದೂವರೆ ವರ್ಷವಾದರೂ ಬೆದೆಗೆ ಬರುವುದಿಲ್ಲ. ಮರಿ ಸತ್ತರೆ ಬೇಗ ಬರುತ್ತದೆ.

ತಾಯಂದಿರೇನೂ ಸುಮ್ಮನೆ ಬಿಟ್ಟುಕೊಡುವುದಿಲ್ಲ. ಗುಂಪಿನ ಹೆಣ್ಣುಗಳು ಕಿವಿ ಹಿಂದಕ್ಕೆ ಮಡಚಿ, ಹಲ್ಲು ಕಿರಿದು, ಒಟ್ಟಾಗಿ ಎದುರು ನಿಲ್ಲುತ್ತವೆ. ನನಗಂತೂ ನಮ್ಮ ಗುಜರಾತಿನ ಗಿರ್ ಕಾಡಿನ ಹೆಣ್ಣು ಸಿಂಹಗಳ ದಾರಿ ಅದ್ಭುತ ಅನಿಸುತ್ತದೆ. ಅಲ್ಲಿ ಗಂಡುಗಳು ಹೆಚ್ಚಾಗಿ ಬೇರೆಯೇ ಓಡಾಡಿಕೊಂಡಿರುತ್ತವೆ. ಹೆಣ್ಣು ಅಕ್ಕಪಕ್ಕದ ಒಂದಕ್ಕಿಂತ ಹೆಚ್ಚು ಗಂಡುಗಳ ಜೊತೆ ಕೂಡುತ್ತದೆ. ಮರಿ ಯಾರದೆಂದು ಗಂಡುಗಳಿಗೆ ತಿಳಿಯದೆ, ಎಷ್ಟೋ ಮರಿ ಬದುಕಿಕೊಳ್ಳುತ್ತವೆ.