ಬರವಣಿಗೆಯ ಇಂಗ್ಲಿಷಿನಲ್ಲಿ ಗಂಟು, ಮಾತಿನ ಇಂಗ್ಲಿಷಿನಲ್ಲಿ ಬಿಡಿ ಎಳೆ

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ತಾಲ್ಲೂಕು ಕಚೇರಿಯಲ್ಲಿ ಕೆಲಸ. ಇಂಗ್ಲಿಷ್ ಪತ್ರಗಳ ಕರಡು ಬರೆಯಬಲ್ಲೆ. ಆದರೆ ಇಂಗ್ಲಿಷ್ ಪತ್ರಿಕೆ ಓದುವಾಗ ಉದ್ದನೆಯ ವಾಕ್ಯ ಬಂದರೆ ನಡುದಾರಿಯಲ್ಲೇ ತಪ್ಪಿಹೋಗುತ್ತೇನೆ. ಮಾತನಾಡಿದರೆ ಮಗ, ‘ಅಮ್ಮ, ಅರ್ಜಿ ಓದಿದ ಹಾಗಿದೆ’ ಎನ್ನುತ್ತಾನೆ. ಈ ಎರಡಕ್ಕೂ ಕಾರಣ ಒಂದೇ ಇರಬಹುದೇ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಒಂದೇ. ನಿಮ್ಮ ಅನುಮಾನ ಸರಿಯಾದ ಜಾಗಕ್ಕೇ ಹೋಗಿದೆ. ಆ ಕಾರಣ ಇರುವುದು ನಾಮಪದಗುಚ್ಛದಲ್ಲಿ, ಅಂದರೆ ಒಂದು ನಾಮಪದವೂ ಅದಕ್ಕೆ ಅಂಟಿಕೊಂಡ ವಿಶೇಷಣಗಳೂ ಸೇರಿ ಆಗುವ ಪದಗಳ ಗುಂಪಿನಲ್ಲಿ.

ನಿಮ್ಮ ಕಚೇರಿಯಲ್ಲಿ ದಿನವೂ ಕಾಣುವಂಥ ಒಂದು ವಾಕ್ಯವನ್ನೇ ತೆಗೆದುಕೊಳ್ಳೋಣ: ‘ದಿ ಡಿಲೇ ಇನ್ ದಿ ಪೇಮೆಂಟ್ ಆಫ್ ಕಾಂಪೆನ್ಸೇಷನ್ ಟು ದಿ ಫಾರ್ಮರ್ಸ್ ಆಫ್ ದಿ ವಿಲೇಜ್ ಹ್ಯಾಸ್ ಕಾಸ್ಡ್ ಕನ್ಸರ್ನ್.’ ಕ್ರಿಯಾಪದ ‘ಹ್ಯಾಸ್ ಕಾಸ್ಡ್’ ಬರುವ ಮೊದಲು ಹದಿಮೂರು ಪದಗಳಿವೆ. ಹದಿಮೂರೂ ಸೇರಿ ಒಂದೇ ಗುಚ್ಛ, ಒಂದೇ ಕರ್ತೃ. ಅದರ ಯಜಮಾನ ಪದ ಯಾವುದು? ಎರಡನೆಯದು, ‘ಡಿಲೇ’. ಉಳಿದ ಹನ್ನೊಂದು ಪದಗಳು ಅದರ ಬಾಲ.

ಈಗ ಇದನ್ನೇ ಕನ್ನಡದಲ್ಲಿ ಹೇಳಿ ನೋಡಿ: ‘ಆ ಹಳ್ಳಿಯ ರೈತರಿಗೆ ಪರಿಹಾರ ನೀಡುವುದರಲ್ಲಿ ಆಗಿರುವ ವಿಳಂಬ’. ಇಲ್ಲಿ ‘ವಿಳಂಬ’ ಕಟ್ಟಕಡೆಗೆ ಬಂತು. ಇಂಗ್ಲಿಷಿನಲ್ಲಿ ಕೊನೆಯಲ್ಲಿದ್ದ ಹಳ್ಳಿ ನಮ್ಮಲ್ಲಿ ಮೊದಲಿಗೆ ಬಂತು. ಕನ್ನಡಿಯಲ್ಲಿ ಎಡಗೈ ಬಲಗೈಯಾಗಿ ಕಾಣುವ ಹಾಗೆ ಇಡೀ ಸಾಲು ತಿರುಗಿ ನಿಂತಿದೆ. ಕನ್ನಡದಲ್ಲಿ ವಿಶೇಷಣ ಎಷ್ಟೇ ಉದ್ದವಿರಲಿ ವಿಶೇಷ್ಯದ ಮುಂದೆಯೇ ಬರಬೇಕು. ‘ನಿನ್ನೆ ಬಂದ ಹುಡುಗ’ ಎನ್ನುತ್ತೇವೆಯೇ ಹೊರತು ಹುಡುಗನನ್ನು ಮೊದಲು ಹೇಳಿ ಬಂದದ್ದನ್ನು ಅವನ ಬೆನ್ನಿಗೆ ಕಟ್ಟುವುದಿಲ್ಲ. ಹಾಗಾಗಿ ಮುಖ್ಯವಾದದ್ದು ಕಡೆಯಲ್ಲಿ ಬರುತ್ತದೆ ಎಂದು ಕಾಯುವುದು ನಮ್ಮ ಕಣ್ಣಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಇಂಗ್ಲಿಷ್ ಓದುವಾಗಲೂ ಹಾಗೇ ಕಾದು, ‘ವಿಲೇಜ್’ ಎಂಬಲ್ಲಿಗೆ ಬಂದಾಗ ಅದನ್ನೇ ಕರ್ತೃ ಎಂದು ಹಿಡಿದುಕೊಳ್ಳುತ್ತೇವೆ. ಹಳ್ಳಿ ಕಳವಳ ಉಂಟುಮಾಡಿತೇ ಎಂಬ ಗೊಂದಲ ಹುಟ್ಟುವುದು ಇಲ್ಲಿಂದ. ಬರೆಯುವಾಗ ‘ಫಾರ್ಮರ್ಸ್’ ಕಣ್ಣಿಗೆ ಬಿದ್ದು, ‘ಹ್ಯಾಸ್’ ಬದಲು ‘ಹ್ಯಾವ್’ ಬರೆದುಬಿಡುವುದೂ ಇದೇ ಕಾರಣಕ್ಕೆ. ಬುದ್ಧಿ ಸಾಲದು ಎಂದು ಎಷ್ಟೋ ಮಂದಿ ಕೊರಗುತ್ತಾರೆ. ದಯವಿಟ್ಟು ಕೊರಗಬೇಡಿ, ನಿಮ್ಮ ತಾಯ್ನುಡಿಯ ನಡಿಗೆ ಬೇರೆ, ಅಷ್ಟೇ.

ಓದುವಾಗ ಪೆನ್ಸಿಲ್ ಹಿಡಿದುಕೊಳ್ಳಿ. ವಾಕ್ಯದ ಆರಂಭದಲ್ಲಿ ‘ಆಫ್, ಇನ್, ಫಾರ್, ಹೂ, ವಿಚ್, ದಟ್’ ಇಂಥ ಪದ ಮೊದಲ ಬಾರಿ ಎಲ್ಲಿ ಸಿಗುತ್ತದೆ ನೋಡಿ. ಸಾಮಾನ್ಯವಾಗಿ ಅದರ ಹಿಂದಿನ ನಾಮಪದವೇ ಯಜಮಾನ. ಅದಕ್ಕೆ ಅಡಿಗೆರೆ ಹಾಕಿ. ಅಲ್ಲಿಂದ ಕ್ರಿಯಾಪದದವರೆಗಿನ ಭಾಗವನ್ನು ಕಂಸದಲ್ಲಿ ಕೂಡಿಹಾಕಿ. ಉಳಿಯುವುದು ‘ದಿ ಡಿಲೇ ಹ್ಯಾಸ್ ಕಾಸ್ಡ್ ಕನ್ಸರ್ನ್’. ವಿಳಂಬವು ಕಳವಳ ಉಂಟುಮಾಡಿದೆ. ಆಮೇಲೆ ಕಂಸ ಬಿಚ್ಚಿ, ಯಾವ ವಿಳಂಬ ಎಂದು ಕೇಳಿಕೊಳ್ಳಿ.

ಎರಡು ಕಡೆ ಜೋಪಾನ. ‘ಎ ನಂಬರ್ ಆಫ್ ಫಾರ್ಮರ್ಸ್’ ಎಂದರೆ ಹಲವು ರೈತರು, ಇಲ್ಲಿ ಕ್ರಿಯಾಪದ ರೈತರನ್ನು ಅನುಸರಿಸಿ ಬಹುವಚನದಲ್ಲಿರುತ್ತದೆ. ‘ದಿ ನಂಬರ್ ಆಫ್ ಫಾರ್ಮರ್ಸ್’ ಎಂದರೆ ರೈತರ ಸಂಖ್ಯೆ, ಅದು ಏಕವಚನ. ಒಂದು ಪುಟ್ಟ ‘ಎ’ ಮತ್ತು ‘ದಿ’ ಯಜಮಾನನನ್ನೇ ಬದಲಿಸಿಬಿಡುತ್ತವೆ. ಇನ್ನೊಂದು, ‘ದಿ ಲ್ಯಾಂಡ್ ಅಕ್ವೈರ್ಡ್ ಫಾರ್ ದಿ ರೋಡ್ ಈಸ್ ಸ್ಟಿಲ್ ವೇಕೆಂಟ್’ ಎಂಬಂಥ ವಾಕ್ಯ. ‘ಅಕ್ವೈರ್ಡ್’ ಕ್ರಿಯಾಪದದ ವೇಷ ಹಾಕಿ ನಿಂತಿದೆ, ಆದರೆ ಅದು ನಮ್ಮ ಕೃದಂತವೇ: ‘ರಸ್ತೆಗಾಗಿ ಸ್ವಾಧೀನಪಡಿಸಿಕೊಂಡ ಜಮೀನು’. ನಿಜವಾದ ಕ್ರಿಯಾಪದ ಮುಂದಿರುವ ‘ಈಸ್’.

ಇನ್ನು ಮಗನ ಮಾತಿಗೆ ಬರೋಣ. ಅದೇ ವಿಷಯವನ್ನು ಇಂಗ್ಲಿಷ್ ಮನೆಮಾತಿನವರು ಫೋನಿನಲ್ಲಿ ಹೇಳುವುದಾದರೆ ಹೀಗೆ ಹೇಳುತ್ತಾರೆ: ‘ದಿ ಫಾರ್ಮರ್ಸ್ ಹ್ಯಾವೆಂಟ್ ಗಾಟ್ ದೇರ್ ಮನಿ ಯೆಟ್, ಅಂಡ್ ದೆ ಆರ್ ವರೀಡ್.’ ಹದಿಮೂರು ಪದಗಳ ಗಂಟು ಬಿಚ್ಚಿಹೋಯಿತು. ವಿಳಂಬ, ಪಾವತಿ ಎಂಬ ನಾಮಪದಗಳು ಕರಗಿ ಕ್ರಿಯಾಪದದೊಳಗೆ ಸೇರಿದವು. ಕರ್ತೃವಾಗಿ ಉಳಿದದ್ದು ಎರಡು ಪದ, ಆಮೇಲೆ ಬರಿಯ ‘ದೆ’. ಕೇಳುವವರು ಹಿಂದಿನ ಸಾಲಿಗೆ ಕಣ್ಣು ಹಾಯಿಸುವಂತಿಲ್ಲ, ಹೇಳುವವರಿಗೆ ಗಂಟು ಕಟ್ಟುವಷ್ಟು ಪುರುಸೊತ್ತಿಲ್ಲ. ಹಾಗಾಗಿ ಮಾತಿನಲ್ಲಿ ವಾಕ್ಯದ ಮೊದಲು ಹಗುರವಾಗಿರುತ್ತದೆ, ಭಾರ ಕೊನೆಗೆ ಸರಿಯುತ್ತದೆ. ಭಾಷಾವಿಜ್ಞಾನಿ ಡಗ್ಲಾಸ್ ಬೈಬರ್ ಮತ್ತು ಸಂಗಡಿಗರು ಸುಮಾರು 4 ಕೋಟಿ ಪದಗಳಷ್ಟು ನಿಜಬಳಕೆಯ ಇಂಗ್ಲಿಷನ್ನು ಆಧರಿಸಿ 1999ರಲ್ಲಿ ಪ್ರಕಟಿಸಿದ ಲಾಂಗ್‌ಮನ್ ವ್ಯಾಕರಣದಲ್ಲಿ ಈ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ: ಮಾತುಕತೆಯ ಬಹುಪಾಲು ಗುಚ್ಛಗಳಲ್ಲಿ ವಿಶೇಷಣವೇ ಇಲ್ಲ. ವಿದ್ವತ್ ಬರವಣಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹಿಂದೆಯೋ ಮುಂದೆಯೋ ಏನನ್ನಾದರೂ ಹೊತ್ತಿವೆ.

ನಿಮ್ಮ ಕರಡಿನಿಂದಲೇ ದಿನಕ್ಕೊಂದು ವಾಕ್ಯ ತೆಗೆದುಕೊಂಡು ಅದರ ತೂಕದ ನಾಮಪದವನ್ನು ಕ್ರಿಯಾಪದವಾಗಿಸಿ, ಬಾಯಿಬಿಟ್ಟು ಹೇಳಿ. ‘ರಿಕ್ವೈರ್‌ಮೆಂಟ್’ ಇದ್ದಲ್ಲಿ ‘ವಿ ನೀಡ್’, ‘ಸಬ್‌ಮಿಷನ್’ ಇದ್ದಲ್ಲಿ ‘ಹಿ ಗೇವ್ ಇಟ್’. ಕನ್ನಡದಲ್ಲಿ ನೀವು ಇದನ್ನು ಆಗಲೇ ಮಾಡುತ್ತಿದ್ದೀರಿ. ‘ಸದರಿ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಟಿಪ್ಪಣಿ ಬರೆದ ಕೈಯೇ, ಎದುರು ನಿಂತ ರೈತನಿಗೆ ‘ನಿಮ್ಮ ದುಡ್ಡು ಇನ್ನೂ ಬಂದಿಲ್ಲ’ ಎಂದು ಹೇಳಲು ಸನ್ನೆ ಮಾಡುತ್ತದಲ್ಲವೇ? ಕಚೇರಿಯ ಪತ್ರಗಳಿಗೂ ಅಷ್ಟೊಂದು ಗಂಟು ಬೇಕಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಎಂಜಿನಿಯರಿಂಗ್ ಓದಲು ಇಂಗ್ಲೆಂಡಿಗೆ ಬಂದಿದ್ದೇನೆ. ಇಲ್ಲಿಯ ಗೆಳೆಯರು ‘ಇಟ್ಸ್ ಲವ್ಲಿ, ದಿಸ್ ಟೀ’, ‘ಹಿ ಈಸ್ ಎ ನೈಸ್ ಮ್ಯಾನ್, ಯುವರ್ ಅಂಕಲ್’ ಎನ್ನುತ್ತಾರೆ. ಶಾಲೆಯಲ್ಲಿ ನಾನು ‘ಮೈ ಬ್ರದರ್ ಹಿ ವರ್ಕ್ಸ್ ಇನ್ ಎ ಬ್ಯಾಂಕ್’ ಎಂದು ಬರೆದಾಗ ಕೆಂಪು ಗೆರೆ ಬಿದ್ದಿತ್ತು. ಅವರದ್ದು ತಪ್ಪಲ್ಲವೇ?
– ವಿದ್ಯಾರ್ಥಿ, ಲೀಡ್ಸ್

ಉತ್ತರ: ತಪ್ಪಲ್ಲ. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ರೊನಾಲ್ಡ್ ಕಾರ್ಟರ್ ಮತ್ತು ಮೈಕೆಲ್ ಮೆಕಾರ್ತಿ 1990ರ ದಶಕದಲ್ಲಿ ಸುಮಾರು 50 ಲಕ್ಷ ಪದಗಳಷ್ಟು ದಿನನಿತ್ಯದ ಮಾತುಕತೆಯನ್ನು ದಾಖಲಿಸುವ ಕೆಲಸ ನಡೆಸಿದರು. ನಾಮಪದಗುಚ್ಛವನ್ನು ವಾಕ್ಯದ ಹೊರಗೆ, ತಲೆಯ ಕಡೆಗೋ ಬಾಲದ ಕಡೆಗೋ ಇಡುವುದು ಮಾತಿನ ಇಂಗ್ಲಿಷಿನ ಸಹಜ ರೀತಿ ಎಂದು ಅವರು ಎತ್ತಿ ತೋರಿಸಿದರು. ಬಾಲದ ಕಡೆಗೆ ಬಂದಾಗ ಹೆಚ್ಚಾಗಿ ಅಲ್ಲೊಂದು ಮೆಚ್ಚುಗೆಯೋ ಬೇಸರವೋ ಇರುತ್ತದೆ, ಹತ್ತಿರದವರ ನಡುವಿನ ಸಲುಗೆ ಇರುತ್ತದೆ.

ನಿಮ್ಮ ಕಿವಿಗೆ ಇದು ಹೊಸದಾಗಬಾರದು. ‘ಚೆನ್ನಾಗಿದೆ, ಕಾಫಿ’, ‘ಒಳ್ಳೆಯವನು, ನಿನ್ನ ತಮ್ಮ’ ಎಂದು ನಿಮ್ಮ ಮನೆಯಲ್ಲೇ ಕೇಳಿದ್ದೀರಿ. ಇಂಗ್ಲಿಷಿನಲ್ಲಿ ಒಂದು ವ್ಯತ್ಯಾಸವಿದೆ. ಗುಚ್ಛ ಹೊರಗೆ ಹೋದರೂ ಅದರ ಜಾಗದಲ್ಲಿ ‘ಇಟ್’ ಅಥವಾ ‘ಹಿ’ ಸಾಮಾನ್ಯವಾಗಿ ಕಾವಲು ಕೂರುತ್ತದೆ. ಹಾಗೆಯೇ ಯಾರಾದರೂ ‘ದೇರ್ ವಾಸ್ ದಿಸ್ ಮ್ಯಾನ್ ಆನ್ ದಿ ಬಸ್’ ಎಂದರೆ ಯಾವ ಮನುಷ್ಯ ಎಂದು ಹುಡುಕಬೇಡಿ. ಅದು ‘ಒಬ್ಬ ಇದ್ದ ನೋಡು’ ಎಂದು ಕಥೆ ತೆಗೆಯುವ ರೀತಿ. ನಿಮ್ಮ ಶಿಕ್ಷಕರ ಕೆಂಪು ಗೆರೆಯೂ ಸರಿಯೇ. ನೀವು ಬರೆದದ್ದು ಪ್ರಬಂಧ, ಅಲ್ಲಿ ಕರ್ತೃ ಒಂದೇ ಸಲ ಬರಬೇಕು.

ಪ್ರಶ್ನೆ: ‘ಟೆನ್ ರುಪೀಸ್ ನೋಟ್’ ಸರಿಯೋ, ‘ಟೆನ್ ರುಪೀ ನೋಟ್’ ಸರಿಯೋ?
– ಅಂಗಡಿ ವ್ಯಾಪಾರಿ, ದಾವಣಗೆರೆ

ಉತ್ತರ: ‘ಟೆನ್ ರುಪೀ ನೋಟ್’. ಒಂದು ನಾಮಪದ ಇನ್ನೊಂದರ ಮುಂದೆ ವಿಶೇಷಣವಾಗಿ ನಿಂತಾಗ ಸಾಮಾನ್ಯವಾಗಿ ಏಕವಚನದಲ್ಲಿರುತ್ತದೆ: ‘ಫೈವ್ ಇಯರ್ ಪ್ಲ್ಯಾನ್’, ‘ಶೂ ಶಾಪ್’. ‘ಸೇವಿಂಗ್ಸ್ ಅಕೌಂಟ್’, ‘ಸ್ಪೋರ್ಟ್ಸ್ ಡೇ’ಯಂಥ ಕೆಲವು ಮಾತ್ರ ಬೇರೆ ದಾರಿ ಹಿಡಿದಿವೆ.

ಗುಚ್ಛದ ಈ ಒಂದು ಬಗೆಯಲ್ಲಿ ಕನ್ನಡಿಗರಿಗೆ ಕಷ್ಟವೇ ಇಲ್ಲ, ಏಕೆಂದರೆ ಇಲ್ಲಿ ಇಂಗ್ಲಿಷ್ ನಮ್ಮ ತತ್ಪುರುಷ ಸಮಾಸದಂತೆ ನಡೆಯುತ್ತದೆ. ‘ಮರಗಾಲು’ ಎಂದರೆ ಕಾಲು, ಮರವಲ್ಲ. ‘ವಾಟರ್ ಸಪ್ಲೈ ಸ್ಕೀಮ್ ಟೆಂಡರ್’ ಎಂದರೆ ಟೆಂಡರ್, ನೀರಲ್ಲ. ಇಂಥ ಪದಗಳ ಸರವನ್ನು ಕಂಡಾಗ ಕೊನೆಯ ಪದದಿಂದ ಹಿಂದಕ್ಕೆ ಬಿಡಿಸುತ್ತ ಬನ್ನಿ. ನಾವೂ ‘ಹತ್ತು ರೂಪಾಯಿ ನೋಟು’ ಎನ್ನುತ್ತೇವಲ್ಲ, ಹಾಗೇ.

ನಿಮ್ಮ ಅನುಮಾನ ಹುಟ್ಟಿದ್ದು ಬಹುಶಃ ಗಲ್ಲಾಪೆಟ್ಟಿಗೆಯಿಂದಲೇ. ಆ ನೋಟನ್ನು ತೆಗೆದು ನೋಡಿ. ಹತ್ತು ರೂಪಾಯಿಗಳ ಮೊತ್ತವನ್ನು ಕೊಡುತ್ತೇನೆ ಎಂಬ ರಿಸರ್ವ್ ಬ್ಯಾಂಕ್ ಗವರ್ನರರ ವಾಗ್ದಾನದಲ್ಲಿ ‘ಟೆನ್ ರುಪೀಸ್’ ಎಂದು ಬಹುವಚನವೇ ಇದೆ. ಅಲ್ಲಿ ಯಜಮಾನ ಪದ ‘ರುಪೀಸ್’, ಅದರ ನಂತರ ಬೇರೆ ನಾಮಪದವಿಲ್ಲ. ಗಿರಾಕಿಯ ಕೈಗೆ ಕೊಡುತ್ತ ಅದರ ಹೆಸರು ಹೇಳುವಾಗ ಯಜಮಾನ ಪದ ‘ನೋಟ್’ ಆಗುತ್ತದೆ, ‘ರುಪೀ’ ಅದರ ಮುಂದೆ ಏಕವಚನದಲ್ಲಿ ನಿಲ್ಲುತ್ತದೆ.