ಪತ್ರ ನನಗೆ ಬಂದದ್ದು, ಅಚ್ಚು ಹಾಕಿಸುವ ಹಕ್ಕು ಯಾರದು?

ಬರೆದವರದು. ಕಾಗದ ನಿಮ್ಮದು, ಅದರಲ್ಲಿರುವ ಬರಹ ನಿಮ್ಮದಲ್ಲ. ಈ ಗೆರೆ ಎಳೆದದ್ದು 1741ರಲ್ಲಿ, ಲಂಡನ್ನಿನ ಚಾನ್ಸರಿ ನ್ಯಾಯಾಲಯದಲ್ಲಿ.

ಕವಿ ಅಲೆಗ್ಸಾಂಡರ್ ಪೋಪ್ ಮತ್ತು ಜೊನಾಥನ್ ಸ್ವಿಫ್ಟ್ ನಡುವಿನ ಪತ್ರಗಳನ್ನು ಪ್ರಕಾಶಕ ಎಡ್ಮಂಡ್ ಕರ್ಲ್ ಅಚ್ಚು ಹಾಕಿದ. ಪೋಪ್ ದಾವೆ ಹೂಡಿದ. ಕರ್ಲ್‌ನ ವಾದಗಳು ಹೀಗಿದ್ದವು: ಕಳಿಸಿದ ಪತ್ರವೆಂದರೆ ಕೊಟ್ಟ ಉಡುಗೊರೆ, ಇವು ಮೊದಲು ಇಂಗ್ಲೆಂಡಿನ ಕಾಯ್ದೆ ಅನ್ವಯಿಸದ ಐರ್ಲೆಂಡಿನ ಡಬ್ಲಿನ್ನಿನಲ್ಲಿ ಅಚ್ಚಾದವು, ಹಾಗಾಗಿ ಮರುಮುದ್ರಣ ತಪ್ಪಲ್ಲ. 1710ರ ಆ್ಯನ್ ರಾಣಿಯ ಕಾಯ್ದೆ (ಇಂಗ್ಲೆಂಡಿನ ಆಗಿನ ಕೃತಿಸ್ವಾಮ್ಯ ಕಾಯ್ದೆ) ಪುಸ್ತಕಗಳಿಗಷ್ಟೇ, ಯೋಗಕ್ಷೇಮದ ಓಲೆಗಳಿಗಲ್ಲ ಎಂಬ ಮಾತೂ ಬಂತು. ಆ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ, ಲಾರ್ಡ್ ಚಾನ್ಸೆಲರ್ ಹಾರ್ಡ್‌ವಿಕ್ ಒಂದನ್ನೂ ಒಪ್ಪಲಿಲ್ಲ. ಪಡೆದವನಿಗೆ ಹೆಚ್ಚೆಂದರೆ ಕಾಗದದ ಮೇಲೆ ಹಕ್ಕು, ಪ್ರಕಟಿಸಲು ಪರವಾನಗಿಯಲ್ಲ ಎಂದರು.

ಹಲವರು ಗಮನಿಸದ ಅಂಶವೆಂದರೆ, ತಡೆಯಾಜ್ಞೆ ಉಳಿದದ್ದು ಪೋಪ್ ಬರೆದ ಪತ್ರಗಳಿಗೆ ಮಾತ್ರ. ಅವನಿಗೆ ಬಂದ ಪತ್ರಗಳಿಗೆ ಅನ್ವಯಿಸಲಿಲ್ಲ. ತತ್ವ ಇಬ್ಬದಿಗೂ ಕೊಯ್ಯಿತು!

ಪೋಪ್ ಮುಗ್ಧನೂ ಅಲ್ಲ. 1735ರಲ್ಲಿ ತನ್ನದೇ ಪತ್ರಗಳು ಗುಟ್ಟಾಗಿ ಕರ್ಲ್‌ನ ಕೈಸೇರುವಂತೆ ನೋಡಿಕೊಂಡು, ಆಮೇಲೆ ಕಳ್ಳ ಕಳ್ಳ ಎಂದು ಕೂಗಿದ್ದ.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಡಿಯೂ ಪತ್ರ ಸಾಹಿತ್ಯ ಕೃತಿಯೇ. ಸಾಹಿತಿಯೊಬ್ಬರ ಪತ್ರಗಳನ್ನು ಪುಸ್ತಕ ಮಾಡುವವರು ಪತ್ರ ಇಟ್ಟುಕೊಂಡವರ ಒಪ್ಪಿಗೆ ಪಡೆದು ಸುಮ್ಮನಾಗುತ್ತಾರೆ; ಎಡವುವುದು ಅಲ್ಲೇ. ಬೇಕಾದದ್ದು ಬರೆದವರ ಅಥವಾ ಅವರ ವಾರಸುದಾರರ ಲಿಖಿತ ಅನುಮತಿ. ಅವಧಿ ಸಾಮಾನ್ಯವಾಗಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಆದರೆ ಅವರ ಕಾಲಾನಂತರ ಮೊದಲ ಸಲ ಪ್ರಕಟವಾದರೆ ಆ 60 ವರ್ಷವನ್ನು ಪ್ರಕಟಣೆಯಿಂದ ಎಣಿಸಬೇಕು.