ವರದಿ ಓದಿ, ಆಮೇಲೆ ಬರೆಯಿರಿ

ನಮಸ್ಕಾರ,

ಪಶ್ಚಿಮ ಘಟ್ಟ ಉಳಿಸಲು ಗಾಡ್ಗೀಳ್, ಕಸ್ತೂರಿರಂಗನ್ ಸಮಿತಿಗಳು ಕೊಟ್ಟ ವರದಿಗಳ ಜಗಳದ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಇದು ನಿಮ್ಮ ಮೊದಲ ಲೇಖನ ಎಂದು ಬರೆದಿದ್ದೀರಿ, ಹಾಗಾಗಿ ಕಾರಣಗಳನ್ನು ಬಿಡಿಸಿಯೇ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ. ಲೇಖನದಲ್ಲಿ ಹುರುಳಿಲ್ಲದಿದ್ದರೆ ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆ.

ನಿಮ್ಮ ವಾದ ಇಷ್ಟು: ಪರಿಸರ ವಿಜ್ಞಾನಿ ಗಾಡ್ಗೀಳ್ ಋಷಿಯಂಥವರು, ರಾಜಕಾರಣಿಗಳು ಗಣಿ ಮತ್ತು ರೆಸಾರ್ಟ್ ಮಾಫಿಯಾದ ಜೇಬಿನಲ್ಲಿದ್ದಾರೆ, ವರದಿಯನ್ನು ವಿರೋಧಿಸುವವರೆಲ್ಲ ಆ ಮಾಫಿಯಾದ ಕೈಗೊಂಬೆಗಳು. ವರದಿ ಜಾರಿಯಾಗಿದ್ದರೆ ಗುಡ್ಡ ಕುಸಿದ ಕೇರಳದ ವಯನಾಡು ಉಳಿಯುತ್ತಿತ್ತು, ಇನ್ನಾದರೂ ಜನ ಎಚ್ಚೆತ್ತುಕೊಳ್ಳಬೇಕು. ಇದನ್ನು ಓದುಗರು ನೂರು ಕಡೆ ಓದಿದ್ದಾರೆ. ಒಪ್ಪುವವರು ತಲೆಯಾಡಿಸಿ ಪುಟ ತಿರುಗಿಸುತ್ತಾರೆ. ಒಪ್ಪದವರು ಎರಡನೇ ಸಾಲಿಗೇ ಬಿಟ್ಟುಬಿಡುತ್ತಾರೆ.

ಆದರೆ ನಾಲ್ಕನೇ ಪುಟದಲ್ಲಿ ಈ ಪ್ಯಾರಾ ಇದೆ:

"ಗ್ರಾಮಸಭೆಯಲ್ಲಿ ಹಿಂದೆ ಕೂತಿದ್ದ ಒಬ್ಬರು ಎದ್ದು, ನನ್ನ ಸರ್ವೆ ನಂಬರ್ ಇದರೊಳಗೆ ಬರುತ್ತಾ ಇಲ್ವಾ, ಅಷ್ಟು ಹೇಳಿ ಸಾಕು ಅಂದರು. ಪಿಡಿಒ ಫೈಲು ತಿರುವಿ ಹಾಕಿದರು. ಪಟ್ಟಿಯಲ್ಲಿ ಊರಿನ ಹೆಸರು ಮಾತ್ರ ಇತ್ತು. ಅರಣ್ಯ ಇಲಾಖೆಯವರು, ನಮಗೂ ಗೊತ್ತಿಲ್ಲ, ಮೇಲಿಂದ ಬರಬೇಕು ಅಂದರು. ಆಮೇಲೆ ವಿರೋಧದ ಠರಾವಿಗೆ ಎಲ್ಲರೂ ಸಹಿ ಹಾಕಿದರು. ನಮ್ಮಪ್ಪನೂ ಹಾಕಿದರು."

ಇಲ್ಲಿ ವಿಶೇಷಣ ಒಂದೂ ಇಲ್ಲ, ಕೂಗಾಟ ಇಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದಿದ್ದೀರಿ. ಹತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ನಡೆಯುತ್ತಿರುವ ಜಗಳ ಪೂರ್ತಿ ಈ ಪ್ಯಾರಾದೊಳಗಿದೆ. ಎರಡನೇ ಪುಟದಲ್ಲಿ ವಿರೋಧಿಸುವವರೆಲ್ಲ ಮಾಫಿಯಾದ ಕೈಗೊಂಬೆಗಳು. ನಾಲ್ಕನೇ ಪುಟದಲ್ಲಿ ನಿಮ್ಮ ತಂದೆಯೇ ಸಹಿ ಹಾಕುತ್ತಾರೆ. ಅವರು ಯಾಕೆ ಹಾಕಿದರು ಎಂದು ನೀವು ಕೇಳಿದ್ದೀರಾ? ಲೇಖನದಲ್ಲಿ ಅದಕ್ಕೆ ಉತ್ತರ ಇಲ್ಲ. ನನಗೆ ಬೇಕಾಗಿರುವುದು ಆ ಉತ್ತರವೇ.

ಮೊದಲು ಒಂದು ದೊಡ್ಡ ತಪ್ಪು ಸರಿಮಾಡಿಕೊಳ್ಳಿ. ನೀವು ಉದ್ದಕ್ಕೂ "ವರದಿ" ಎನ್ನುತ್ತೀರಿ. ಯಾವ ವರದಿ? ಒಂದು ಕಡೆ ಗಾಡ್ಗೀಳ್ ಅವರ ಮಾತು ಹೇಳಿ, ಅದರ ಕೆಳಗೇ ಕಸ್ತೂರಿರಂಗನ್ ವರದಿಯ ಅಂಕಿ ಕೊಟ್ಟಿದ್ದೀರಿ. ಇವೆರಡೂ ಒಂದೇ ಅಲ್ಲ. ಬಹಳ ಕಡೆ ಒಂದಕ್ಕೊಂದು ವಿರುದ್ಧ.

ಜೈರಾಂ ರಮೇಶ್ ಪರಿಸರ ಸಚಿವರಾಗಿದ್ದಾಗ, 2010ರಲ್ಲಿ, ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಸಮಿತಿ ರಚನೆಯಾಯಿತು. 2011ರ ಆಗಸ್ಟ್ 31ಕ್ಕೆ ವರದಿ ಸಲ್ಲಿಕೆಯಾಯಿತು. ಜನರ ಕೈಗೆ ಸಿಕ್ಕಿದ್ದು ಮಾತ್ರ 2012ರ ಮೇ ತಿಂಗಳಲ್ಲಿ. ಅದಕ್ಕೂ ಮಾಹಿತಿ ಹಕ್ಕಿನ ಅರ್ಜಿ, ಕೇಂದ್ರ ಮಾಹಿತಿ ಆಯೋಗದ ಆದೇಶ, ದೆಹಲಿ ಹೈಕೋರ್ಟಿನ ತೀರ್ಪು, ಇಷ್ಟೆಲ್ಲ ಬೇಕಾಯಿತು. ಆ ತಿಂಗಳುಗಳಲ್ಲಿ ವರದಿ ಇಲ್ಲದೆ ವರದಿಯ ಸುದ್ದಿ ಮಾತ್ರ ಓಡಾಡಿತು. ಹೊರಬಂದ ಮೇಲೂ ಅದು ಇಂಗ್ಲಿಷಿನಲ್ಲಿದ್ದ ದಪ್ಪ ವರದಿ. ನಿಮ್ಮ ಊರಿನ ಗ್ರಾಮಸಭೆಯಲ್ಲಿ ಆ ದಿನ ಎದ್ದು ನಿಂತವರ ಪ್ರಶ್ನೆಯ ಬೇರು ಇಲ್ಲಿದೆ. ನಿಮ್ಮ ಲೇಖನದಲ್ಲಿ ಇದರ ಒಂದು ಸಾಲೂ ಇಲ್ಲ.

ಗಾಡ್ಗೀಳ್ ಸಮಿತಿ ಇಡೀ ಘಟ್ಟವನ್ನೇ ಪರಿಸರ ಸೂಕ್ಷ್ಮ ಪ್ರದೇಶ ಎಂದಿತು. ಅದರೊಳಗೆ ಮೂರು ವಲಯ ಮಾಡಿ, ಒಂದೊಂದಕ್ಕೂ ಬೇರೆ ಬೇರೆ ಬಿಗಿಯ ನಿಯಮ ಸೂಚಿಸಿತು. ನಮ್ಮ ಹಾಸನ ಜಿಲ್ಲೆಯ ಗುಂಡ್ಯ ಜಲವಿದ್ಯುತ್ ಯೋಜನೆ ಬೇಡ ಎಂದಿತು. ಕೀಟನಾಶಕಗಳನ್ನು ಹಂತಹಂತವಾಗಿ ಬಿಡಬೇಕು, ಸಾವಯವಕ್ಕೆ ಬರುವ ರೈತರಿಗೆ ಪ್ರೋತ್ಸಾಹಧನ ಕೊಡಬೇಕು ಎಂದಿತು. ಎಲ್ಲಕ್ಕಿಂತ ಮುಖ್ಯವಾಗಿ, ಈ ವಲಯಗಳೇ ಕೊನೆಯಲ್ಲ, ಗ್ರಾಮಸಭೆಗಳಲ್ಲಿ ಚರ್ಚೆಯಾಗಿ ಗಡಿಯೂ ನಿಯಮವೂ ತೀರ್ಮಾನವಾಗಬೇಕು ಎಂದಿತು. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿ ಗಣಿ ಬರುವ ಭಯದಲ್ಲಿದ್ದ ಹಳ್ಳಿಗಳ ಗ್ರಾಮಸಭೆಗಳು, ನಮ್ಮೂರನ್ನು ಪರಿಸರ ಸೂಕ್ಷ್ಮ ಎಂದು ಘೋಷಿಸಿ ಎಂದು ತಾವಾಗೇ ಠರಾವು ಮಾಡಿದ್ದವು. ಇದೂ ಆ ವರದಿಯಲ್ಲೇ ಇದೆ. ನಿಮ್ಮ ಊರಿನ ಠರಾವಿನ ಪಕ್ಕ ಇದನ್ನಿಟ್ಟು ನೋಡಿ. ಅದೇ ಘಟ್ಟ, ಅದೇ ಗ್ರಾಮಸಭೆ, ತೀರ್ಮಾನ ಮಾತ್ರ ಉಲ್ಟಾ. ಯಾಕೆ? ಈ ಪ್ರಶ್ನೆಗೆ ಎರಡು ಪುಟ ಕೊಟ್ಟರೂ ಕಡಿಮೆಯೇ.

ರಾಜ್ಯ ಸರ್ಕಾರಗಳು ಗಲಾಟೆ ಎಬ್ಬಿಸಿದವು. 2012ರ ಆಗಸ್ಟಿನಲ್ಲಿ ಬಾಹ್ಯಾಕಾಶ ವಿಜ್ಞಾನಿ ಕಸ್ತೂರಿರಂಗನ್ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ ಬಂತು, 2013ರ ಏಪ್ರಿಲಿನಲ್ಲಿ ವರದಿ ಕೊಟ್ಟಿತು. ಅವರು ಉಪಗ್ರಹ ಚಿತ್ರ ಇಟ್ಟುಕೊಂಡು ಘಟ್ಟವನ್ನು ಎರಡು ಮಾಡಿದರು: ಜನ ಬದುಕುವ, ಕೃಷಿ ಮಾಡುವ ಭಾಗ ಒಂದು, ಸಹಜ ಕಾಡಿನ ಭಾಗ ಇನ್ನೊಂದು. ಒಟ್ಟು ಪ್ರದೇಶದಲ್ಲಿ ಶೇ 37ರಷ್ಟನ್ನು, ಅಂದರೆ ಸುಮಾರು 60 ಸಾವಿರ ಚದರ ಕಿ.ಮೀ. ಜಾಗವನ್ನು, ಸೂಕ್ಷ್ಮ ಎಂದು ಗುರುತಿಸಿದರು. ಗಣಿ, ಕಲ್ಲು ಕ್ವಾರಿ, ಮರಳು ತೆಗೆಯುವುದು, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ (ಹೆಚ್ಚು ಮಾಲಿನ್ಯ ಮಾಡುವ) ಕೈಗಾರಿಕೆ, 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡ, ಇವಿಷ್ಟು ಬೇಡ ಎಂದರು. ಜಲವಿದ್ಯುತ್ ಯೋಜನೆಗೆ ಷರತ್ತಿನ ಮೇಲೆ ಅವಕಾಶ ಕೊಟ್ಟರು. ಗಾಡ್ಗೀಳ್ ಈ ವರದಿಯನ್ನು ಬಹಿರಂಗವಾಗಿಯೇ ಟೀಕಿಸಿದರು, ಜನರ ಪಾತ್ರವನ್ನೇ ಕೈಬಿಟ್ಟಿದ್ದೀರಿ ಎನ್ನುವುದು ಅವರ ಮುಖ್ಯ ತಕರಾರು. ಹೀಗಿರುವಾಗ ನೀವು ಇಬ್ಬರನ್ನೂ ಒಂದೇ ಪ್ಯಾರಾದಲ್ಲಿ ಒಂದೇ ಕಡೆ ನಿಲ್ಲಿಸಿದರೆ, ವಿಷಯ ತಿಳಿದ ಓದುಗರು ನಿಮ್ಮ ಬೇರೆ ಮಾತನ್ನೂ ನಂಬುವುದಿಲ್ಲ.

ಈಗ ಆ ಸರ್ವೆ ನಂಬರಿಗೆ ಬರೋಣ. ಪಿಡಿಒ ಹತ್ತಿರ ಉತ್ತರ ಇಲ್ಲದಿರಲು ಕಾರಣ ಇದೆ. ಕಸ್ತೂರಿರಂಗನ್ ಸಮಿತಿ ಲೆಕ್ಕ ಹಾಕಿದ್ದು ಹಳ್ಳಿಯನ್ನು ಒಂದು ಘಟಕ ಮಾಡಿಕೊಂಡು. ಹಳ್ಳಿಯ ಶೇ 20ರಷ್ಟು ಅಥವಾ ಅದಕ್ಕಿಂತ ಜಾಸ್ತಿ ಜಾಗ ಸೂಕ್ಷ್ಮ ಎಂದು ಕಂಡರೆ ಇಡೀ ಹಳ್ಳಿ ಪಟ್ಟಿಗೆ ಬಂತು. ಹಾಗಾಗಿ ಪಟ್ಟಿಯಲ್ಲಿ ಊರಿನ ಹೆಸರಿದೆ, ಯಾರ ತೋಟ, ಯಾವ ಗದ್ದೆ ಎಂಬುದಿಲ್ಲ. ನೆರಳು ಮರದ ಕೆಳಗಿನ ಕಾಫಿ ತೋಟ ಮೇಲಿನಿಂದ ನೋಡಿದರೆ ಕಾಡಿನ ಹಾಗೇ ಕಾಣುತ್ತದೆ ಎಂದು ಮಲೆನಾಡಿನ ಶಾಸಕರು ಹೇಳುತ್ತಲೇ ಬಂದಿದ್ದಾರೆ. ಆ ಮಾತನ್ನು ನೀವು "ನೆಪ" ಎಂಬ ಒಂದೇ ಪದದಲ್ಲಿ ತಳ್ಳಿಹಾಕಿದ್ದೀರಿ. ಅದು ನೆಪವಲ್ಲ. ಕೊಪ್ಪದ ಕಡೆಯ ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತಿರಬೇಕು.

ಇದರ ಜೊತೆಗೆ ಆ ರೈತನ ತಲೆಮೇಲೆ ಬೇರೆ ಏನೇನಿದೆ ನೋಡಿ. ಸಾಗುವಳಿ ಮಾಡುತ್ತಿರುವ ಸರ್ಕಾರಿ ಜಾಗದ ಹಕ್ಕು ಕೇಳುವ ಬಗರ್ ಹುಕುಂ ಅರ್ಜಿ ವರ್ಷಗಟ್ಟಲೆ ಬಾಕಿ. ಸೆಕ್ಷನ್ 4 ಜಾಗ, ಅಂದರೆ ಮೀಸಲು ಅರಣ್ಯ ಮಾಡಲು ಗುರುತಿಸಿದ ಜಾಗ, ಎಂಬ ನೋಟಿಸಿನ ಹೆದರಿಕೆ. ಡೀಮ್ಡ್ ಫಾರೆಸ್ಟ್ (ದಾಖಲೆಯಲ್ಲಿ ಅರಣ್ಯ ಅಲ್ಲದಿದ್ದರೂ ಅರಣ್ಯ ಎಂದು ಪರಿಗಣಿಸುವ ಜಾಗ) ಗೊಂದಲ ಬೇರೆ: ಮೊದಲು 9.94 ಲಕ್ಷ ಹೆಕ್ಟೇರ್ ಎಂದಿದ್ದನ್ನು 2022ರಲ್ಲಿ ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸಿದರು. ಇಷ್ಟು ದೊಡ್ಡ ಅಂಕಿ ಹೀಗೆ ಏರಿಳಿದಿದ್ದನ್ನು ಕಂಡವರು, ಸರ್ಕಾರ ಇನ್ನೊಂದು ನಕ್ಷೆ ತಂದಾಗ ಹೇಗೆ ನಂಬುತ್ತಾರೆ? ಕಸ್ತೂರಿರಂಗನ್ ವರದಿಯ ಮೇಲೆ ಕೇಂದ್ರ ಸರ್ಕಾರ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಆಸ್ತಿ ಮಾರಾಟಕ್ಕೆ, ಇರುವ ಮನೆಯ ರಿಪೇರಿಗೆ ಅಡ್ಡಿ ಇಲ್ಲ ಎಂದಿದೆ. ಅದನ್ನು ಅವರ ಮುಂದೆ ಯಾರಾದರೂ ಓದಿ ಹೇಳಿದ್ದಾರಾ? ಹೇಳಿದ್ದರೂ ಅವರು ನಂಬಿದ್ದಾರಾ? ಇದನ್ನು ವಿಚಾರಿಸಿ ಬರೆಯಿರಿ. ಪರಿಸರದ ಪರವಾಗಿ ಮಾತಾಡುವ ನಮ್ಮಂಥವರು ಪಟ್ಟಣದ ಸಭೆಗಳಲ್ಲಿ ಮಾತಾಡಿದಷ್ಟು ಹಳ್ಳಿಯ ಜಗಲಿಯಲ್ಲಿ ಕೂತು ಮಾತಾಡಲಿಲ್ಲ ಎನ್ನುವುದು ನನ್ನ ಅಭಿಪ್ರಾಯ. ನಿಮಗೆ ಬೇರೆ ಅನಿಸಿದರೆ ಬೇರೆಯೇ ಬರೆಯಿರಿ, ಆದರೆ ಕೇಳಿ ತಿಳಿದು ಬರೆಯಿರಿ.

ಹಾಗಾದರೆ ಶಾಸಕರನ್ನು ಟೀಕಿಸಲೇಬಾರದಾ? ಖಂಡಿತ ಟೀಕಿಸಿ. ಸರಿಯಾದ ಜಾಗದಲ್ಲಿ ಹಿಡಿಯಿರಿ ಅಷ್ಟೇ. "ಮಾಫಿಯಾದ ಜೇಬಿನಲ್ಲಿದ್ದಾರೆ" ಎಂದರೆ ಸಾಕ್ಷಿ ಬೇಕು, ನೀವು ಕೊಟ್ಟಿಲ್ಲ. ಆ ಸಾಲು ಹೇಗೂ ಹೋಗುತ್ತದೆ. ಅದರ ಬದಲು ಈ ಲೆಕ್ಕ ನೋಡಿ. ಕಸ್ತೂರಿರಂಗನ್ ವರದಿಯಲ್ಲಿ ಕೇರಳದ ಪಾಲು 13,108 ಚದರ ಕಿ.ಮೀ. ಅಲ್ಲಿ ದೊಡ್ಡ ಪ್ರತಿಭಟನೆ ಆಯಿತು. ಆ ರಾಜ್ಯ ತನ್ನದೇ ಸಮಿತಿ ಮಾಡಿ, ಊರು, ತೋಟ ಬಿಟ್ಟು ಹೊಸದಾಗಿ ಗಡಿ ಗುರುತಿಸಿತು. 2014ರ ಮಾರ್ಚ್ 10ರ ಕರಡಿನ ಹೊತ್ತಿಗೆ ಅವರ ಪಾಲು 9,993.7ಕ್ಕೆ ಇಳಿದಿತ್ತು. ಕರ್ನಾಟಕದ ಪಾಲು ಆಗ 20,668 ಚದರ ಕಿ.ಮೀ., 1,500ಕ್ಕೂ ಹೆಚ್ಚು ಹಳ್ಳಿ. 2024ರ ಜುಲೈ 31ರ ಆರನೇ ಕರಡಿನಲ್ಲೂ ಅದೇ 20,668. ಕೇರಳ ಗಡಿ ಇಳಿಸಿಕೊಂಡದ್ದು ಒಳ್ಳೆಯದೇ ಎಂದು ನಾನು ಹೇಳುತ್ತಿಲ್ಲ. ಅದರ ಬಗ್ಗೆಯೂ ಬೇಕಾದಷ್ಟು ತಕರಾರಿದೆ. ಆದರೆ ಅವರು ತಮ್ಮ ನಕ್ಷೆಯೊಂದನ್ನು ಮೇಜಿನ ಮೇಲಿಟ್ಟರು.

ನಮ್ಮಲ್ಲಿ ಪಕ್ಷ ಬದಲಾದರೂ ಉತ್ತರ ಬದಲಾಗಲಿಲ್ಲ. 2022ರ ಜುಲೈನಲ್ಲಿ ಐದನೇ ಕರಡು ಬಂದಾಗ ಬಿಜೆಪಿ ಸರ್ಕಾರ ವಿರೋಧಿಸಿತು. 2024ರ ಸೆಪ್ಟೆಂಬರ್ 26ರಂದು ಕಾಂಗ್ರೆಸ್ ಸರ್ಕಾರದ ಸಂಪುಟ ವರದಿಯನ್ನು ತಿರಸ್ಕರಿಸಿತು. ಸರಿ, ಉಪಗ್ರಹ ಚಿತ್ರ ತಪ್ಪು ಎಂದಿರಿ. ಹತ್ತು ವರ್ಷದಲ್ಲಿ ಸರಿಯಾದ ನಕ್ಷೆ ಯಾಕೆ ಮಾಡಿಸಿ ಜನರ ಮುಂದಿಡಲಿಲ್ಲ? ಸರ್ವೆ ನಂಬರ್ ಹಿಡಿದು, ಇದು ತೋಟ, ಇದು ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಇದು ಕ್ವಾರಿ ಎಂದು ಬೇರೆ ಮಾಡಿ ತೋರಿಸಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತವರಿಗೆ ಉತ್ತರ ಸಿಗುತ್ತಿತ್ತು. ತೋಟದವರ ಹೆದರಿಕೆಯ ಹಿಂದೆ ಕ್ವಾರಿ ಆರಾಮಾಗಿ ನಿಂತುಬಿಟ್ಟಿದೆ. ಶಾಸಕರಿಗೆ ಕೇಳಬೇಕಾದ ಪ್ರಶ್ನೆ ಇದು. ಇದಕ್ಕೆ ಬೈಗುಳ ಬೇಕಿಲ್ಲ, ಇಸವಿ ಮತ್ತು ಅಂಕಿ ಸಾಕು.

ರಾಜಕಾರಣಿಗಳೆಲ್ಲ ಒಂದೇ ಎಂಬ ಮಾತನ್ನೂ ತೆಗೆಯಿರಿ. ಕೇರಳದ ಇಡುಕ್ಕಿಯ ಆಗಿನ ಕಾಂಗ್ರೆಸ್ ಸಂಸದ ಪಿ.ಟಿ. ಥಾಮಸ್ ಗಾಡ್ಗೀಳ್ ವರದಿಯ ಪರ ನಿಂತರು. ಅವರದೇ ಕ್ಷೇತ್ರದಲ್ಲಿ ಅವರ ಅಣಕು ಶವಯಾತ್ರೆ ಮಾಡಿದರು. 2014ರಲ್ಲಿ ಪಕ್ಷ ಅವರಿಗೆ ಅಲ್ಲಿ ಟಿಕೆಟ್ ಕೊಡಲಿಲ್ಲ. ವರದಿ ವಿರೋಧಿ ಹೋರಾಟದ ಬೆಂಬಲವಿದ್ದ ಜಾಯ್ಸ್ ಜಾರ್ಜ್ ಎಡರಂಗದ ಜೊತೆಗೂಡಿ ಗೆದ್ದರು. ಶಾಸಕರು ಯಾಕೆ ಹೆದರುತ್ತಾರೆ ಎಂದು ಓದುಗರಿಗೆ ಅರ್ಥವಾಗಬೇಕಾದರೆ ಈ ಕಥೆ ಹೇಳಿ. ಹೆದರದೆ ನಿಂತವರೂ ಇದ್ದರು ಎನ್ನುವುದೂ ಅದರಿಂದಲೇ ತಿಳಿಯುತ್ತದೆ.

ವಯನಾಡಿನ ಸಾಲಿನ ಬಗ್ಗೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕೈ, ಚೂರಲ್‌ಮಲದಲ್ಲಿ ಗುಡ್ಡ ಇಳಿದು 200ಕ್ಕೂ ಹೆಚ್ಚು ಜನ ಸತ್ತರು. "ವರದಿ ಜಾರಿಯಾಗಿದ್ದರೆ ಒಬ್ಬರೂ ಸಾಯುತ್ತಿರಲಿಲ್ಲ" ಎಂದು ನೀವು ಬರೆದಿದ್ದೀರಿ. ಇದನ್ನು ಯಾರಿಂದಲೂ ಸಾಬೀತು ಮಾಡಲಾಗದು. ನೆನೆದು ನಿಂತಿದ್ದ ನೆಲದ ಮೇಲೆ ಒಂದೇ ದಿನ 140 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯಿತು. ಹವಾಮಾನ ಬದಲಾವಣೆ ಆ ಮಳೆಯನ್ನು ಸುಮಾರು ಶೇ 10ರಷ್ಟು ಹೆಚ್ಚಿಸಿತ್ತು ಎಂದು ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಎಂಬ ಅಂತರರಾಷ್ಟ್ರೀಯ ತಂಡದ ವಿಜ್ಞಾನಿಗಳು ಲೆಕ್ಕ ಹಾಕಿದರು. ಆ ಭಾಗದ ಮೇಪ್ಪಾಡಿಯ ಹೆಸರು ಗಾಡ್ಗೀಳ್ ವರದಿಯ ಸೂಕ್ಷ್ಮ ತಾಣಗಳ ಪಟ್ಟಿಯಲ್ಲಿ 2011ರಲ್ಲೇ ಇತ್ತು. ಇಷ್ಟನ್ನೇ ಬರೆಯಿರಿ. ಓದಿದವರ ಹೊಟ್ಟೆಯಲ್ಲಿ ಸಂಕಟ ಆಗಲು ಇಷ್ಟು ಸಾಕು, ಇದನ್ನು ಯಾರೂ ಅಲ್ಲಗಳೆಯಲೂ ಆಗುವುದಿಲ್ಲ. ಅದೇ ತಿಂಗಳ 16ರಂದು ನಮ್ಮ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಗಂಗಾವಳಿ ನದಿಗೆ ಜಾರಿತು. ಅದು ನಿಮ್ಮ ಲೇಖನದಲ್ಲಿ ಯಾಕಿಲ್ಲ? 2018ರ ಕೊಡಗಿನ ಭೂಕುಸಿತ ಯಾಕಿಲ್ಲ?

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. "ಪ್ರಕೃತಿ ಮಾತೆಯ ಆರ್ತನಾದ" ಮೂರು ಸಲ ಬಂದಿದೆ, ಮೂರನ್ನೂ ಹೊಡೆದುಹಾಕಿ. ಮೊದಲ ಎರಡು ಪುಟ ಪೂರ್ತಿ ತೆಗೆದರೂ ಲೇಖನಕ್ಕೆ ನಷ್ಟವಿಲ್ಲ. ಗ್ರಾಮಸಭೆಯಿಂದಲೇ ಶುರು ಮಾಡಿ.

ಮುಂದಿನ ಕೆಲಸ ಇದು. ಕರಡು ಅಧಿಸೂಚನೆ ಕೇಂದ್ರ ಪರಿಸರ ಸಚಿವಾಲಯದ ವೆಬ್‌ಸೈಟಿನಲ್ಲಿ ಸಿಗುತ್ತದೆ. ನಿಷೇಧದ ಭಾಗ ಮತ್ತು ನಿಮ್ಮ ತಾಲ್ಲೂಕಿನ ಹಳ್ಳಿಗಳ ಪಟ್ಟಿ ಎರಡನ್ನೂ ಓದಿ. ತಂದೆಯವರ ಜೊತೆ ಕೂತು ಮಾತಾಡಿ, ಅವರ ಮಾತನ್ನು ಅವರ ಧಾಟಿಯಲ್ಲೇ ಬರೆದುಕೊಳ್ಳಿ. ಬರೆದದ್ದನ್ನು ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆಯಿರಿ. ನಿಮ್ಮ ಶಾಸಕರು ಈ ವಿಷಯದಲ್ಲಿ ಸದನದೊಳಗೆ ಏನು ಹೇಳಿದ್ದಾರೆ ಎಂದು ವಿಧಾನಸಭೆಯ ನಡಾವಳಿಯಲ್ಲಿ ಹುಡುಕಿ. ಊರಿನ ಸಭೆಯಲ್ಲಿ ಹೇಳಿದ್ದಕ್ಕೂ ಅದಕ್ಕೂ ತಾಳೆ ಆಗುತ್ತಾ ನೋಡಿ. ಅವರಿಗೆ ಫೋನ್ ಮಾಡಿ ನಕ್ಷೆಯ ಪ್ರಶ್ನೆ ಕೇಳಿ. ಫೋನ್ ಎತ್ತದಿದ್ದರೆ, ಎತ್ತಲಿಲ್ಲ ಎಂದೇ ಬರೆಯಿರಿ.

1,200 ಪದ ಮೀರದಿರಲಿ. ಮೇ ತಿಂಗಳ ಒಳಗೆ ಕಳಿಸಿದರೆ ಮಳೆಗಾಲದ ಮೊದಲೇ ಹಾಕಬಹುದು.

ವಿಶ್ವಾಸದಿಂದ,
ಸಂಪಾದಕ